ಜಲ್ಲಿ ದಾರಿ ಹಾಳಾಯ್ತಾ? ಇನ್ನೊಂದು ಲೋಡ್ ತರಿಸುವ ಮುಂಚೆ ನೋಡಬೇಕಾದ್ದು

ಪುಣೆಯ ಕನ್ನಡದವರ ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ಮುಳಶಿ, ಪೌಡ್, ಪಾನ್‌ಶೇತ್, ಭೋರ್ ಕಡೆ ಹತ್ತು ಗುಂಟೆ ಜಾಗ ತಗೊಳ್ಳುವುದು ಈಗ ರೂಢಿ. ಜಾಗ ಬರುತ್ತದೆ, ಬೇಲಿ ಬರುತ್ತದೆ, ಗೇಟ್ ಬರುತ್ತದೆ, ಗೇಟಿನಿಂದ ಮನೆವರೆಗೆ ಜಲ್ಲಿ ದಾರಿಯೂ ಬರುತ್ತದೆ. ಮೊದಲ ಬೇಸಿಗೆಯಲ್ಲಿ ನೋಡೋಕೆ ಚೆಂದ. ಜುಲೈ ಮುಗಿಯುವಷ್ಟರಲ್ಲಿ ಕಾರಿನ ಚಕ್ರ ಹೂತು ಟ್ರ್ಯಾಕ್ಟರ್ ಕರೆಸಬೇಕು. ದೀಪಾವಳಿಗೆ ಮತ್ತೆ ಐದಾರು ಬ್ರಾಸ್ ಖಡಿ, ಅಂದ್ರೆ ಜಲ್ಲಿ (ಒಂದು ಬ್ರಾಸ್ ಅಂದ್ರೆ 100 ಘನ ಅಡಿ). ಮರುವರ್ಷವೂ ಅದೇ ಕಥೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಹೋದ ವರ್ಷ ಹಾಕಿದ ಕಲ್ಲು ಈಗ ಎಲ್ಲಿದೆ? ಕಲ್ಲೇನೂ ಆವಿಯಾಗಿ ಹೋಗುವುದಿಲ್ಲ. ಒಂದೋ ಕೆಳಗಿನ ಮಣ್ಣಿಗೆ ಇಳಿದಿರುತ್ತದೆ. ಇಲ್ಲಾ ನೀರಿನ ಜೊತೆ ಇಳಿಜಾರಿನ ಬುಡಕ್ಕೆ ಹೋಗಿರುತ್ತದೆ. ಇಲ್ಲಾ ಚಕ್ರ ತಳ್ಳಿ ತಳ್ಳಿ ಪಕ್ಕದ ಹುಲ್ಲಿಗೆ ಸೇರಿರುತ್ತದೆ. ಅದೂ ಅಲ್ಲ ಅಂದ್ರೆ ಇದ್ದಲ್ಲೇ ಪುಡಿಯಾಗಿ ಕೆಸರಾಗಿರುತ್ತದೆ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಮೇಲೆ ಸುಮ್ನೆ ಹೊಸ ಜಲ್ಲಿ ಸುರಿಯುವುದು ಯಾವುದಕ್ಕೂ ಮದ್ದಲ್ಲ.

ಚಳಿ ದೇಶದ ವಿಡಿಯೊ ನೋಡಿ ಹೆದರಬೇಡಿ

ಯೂಟ್ಯೂಬಿನಲ್ಲಿ ಹುಡುಕಿದರೆ ಕೆನಡಾ, ಅಮೆರಿಕದ ಮಿನೆಸೋಟಾ ಕಡೆಯ ವಿಡಿಯೊ ಬೇಕಾದಷ್ಟು ಸಿಗುತ್ತವೆ. ಅಲ್ಲಿನ ದೊಡ್ಡ ತಲೆನೋವು ಹಿಮ. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಅಷ್ಟೇ ಅಲ್ಲ, ನುಣ್ಣನೆಯ ಮಣ್ಣು ಕೆಳಗಿನಿಂದ ಇನ್ನಷ್ಟು ನೀರು ಎಳೆದುಕೊಂಡು ಮಂಜುಗಡ್ಡೆಯ ಪದರಗಳನ್ನೇ ಕಟ್ಟಿಕೊಳ್ಳುತ್ತದೆ. ದಾರಿ ಉಬ್ಬುತ್ತದೆ. ಆದರೆ ದಾರಿ ಹೆಚ್ಚು ಹಾಳಾಗುವುದು ಚಳಿಗಾಲದಲ್ಲಲ್ಲ, ಚಳಿ ಕಳೆದ ಮೇಲೆ. ಮೇಲಿನ ಮಂಜು ಕರಗಿರುತ್ತದೆ, ಕೆಳಗಿನದು ಇನ್ನೂ ಗಟ್ಟಿ. ನಡುವೆ ಸಿಕ್ಕಿಕೊಂಡ ನೀರಿಗೆ ಇಳಿಯಲು ಜಾಗವಿಲ್ಲ. ಅದೇ ಹೊತ್ತಿಗೆ ಭಾರದ ಗಾಡಿ ಹೋದರೆ ದಾರಿ ಮುಗೀತು. ಅದಕ್ಕೇ ಮಿನೆಸೋಟಾದಲ್ಲಿ ವಸಂತದ ಕೆಲವು ವಾರ ಲಾರಿಗಳ ಭಾರಕ್ಕೆ ಮಿತಿ ಹಾಕುತ್ತಾರೆ.

ಪುಣೆಯಲ್ಲಿ ಎಷ್ಟೇ ಚಳಿ ಬಿದ್ದರೂ ನೆಲ ಹೆಪ್ಪುಗಟ್ಟುವುದಿಲ್ಲ. ಆದರೆ ಉಬ್ಬುವ ಕೆಲಸಕ್ಕೆ ನಮ್ಮಲ್ಲಿ ಎರೆ ಮಣ್ಣಿದೆ. ಮೇ ತಿಂಗಳಲ್ಲಿ ಬಿರುಕು ಬಿಟ್ಟ ಎರೆ, ಜೂನ್ ಮಳೆಗೆ ನೀರು ಕುಡಿದು ಊದಿಕೊಳ್ಳುತ್ತದೆ. ಬಿರುಕು ಮುಚ್ಚಿಹೋಗಿ, ಆಮೇಲೆ ಬಿದ್ದ ನೀರು ಕೆಳಗಿಳಿಯದೆ ಜಲ್ಲಿಯ ಬುಡದಲ್ಲೇ ನಿಲ್ಲುತ್ತದೆ. ಕಾರಣ ಬೇರೆ, ಫಲ ಹೆಚ್ಚೂಕಡಿಮೆ ಒಂದೇ. ಹಾಗಾಗಿ ಆ ವಿಡಿಯೊಗಳಿಂದ ನೀರು ಹೊರಹಾಕುವ ಪಾಠ ಕಲಿಯಿರಿ. ನಾಲ್ಕಡಿ ಆಳ ಅಗೆಯುವ ಪಾಠ ಬೇಡ.

ಮೊದಲು ಅಗೆಯಿರಿ

ದೋಷ ಹುಡುಕುವುದಕ್ಕೆ ಒಂದು ಪಿಕಾಸಿ, ಒಂದು ಸಲಿಕೆ, ಒಂದು ಬಕೆಟ್ ನೀರು ಸಾಕು. ಎರಡು ಗುಂಡಿ ತೋಡಿ. ಒಂದು ಚಕ್ರ ಓಡಾಡುವ ಜಾಗದಲ್ಲಿ, ಇನ್ನೊಂದು ಎರಡು ಚಕ್ರಗಳ ನಡುವೆ. ಒಂದೂವರೆ ಅಡಿ ಅಗಲ, ಅಷ್ಟೇ ಆಳ. ಗುಂಡಿಯ ಒಂದು ಗೋಡೆಯನ್ನು ಕರಣೆಯಿಂದ ನೇರವಾಗಿ ಕೆತ್ತಿ, ಮೆಲ್ಲಗೆ ನೀರು ಚಿಮುಕಿಸಿ ತೊಳೆಯಿರಿ. ಈಗ ಪದರಗಳು ಕಾಣುತ್ತವೆ.

ಜಲ್ಲಿ ಎಲ್ಲಿ ಮುಗಿಯುತ್ತದೆ, ಮಣ್ಣು ಎಲ್ಲಿ ಶುರುವಾಗುತ್ತದೆ ಅನ್ನುವ ಗೆರೆ ಸ್ಪಷ್ಟವಾಗಿದ್ದರೆ ಬುಡ ಸರಿಯಾಗಿದೆ, ತೊಂದರೆ ಮೇಲಿನದು. ಗೆರೆಯೇ ಇಲ್ಲದೆ, ಕಪ್ಪು ಕೆಸರಿನಲ್ಲಿ ಕಲ್ಲು ಅಲ್ಲೊಂದು ಇಲ್ಲೊಂದು ಸಿಕ್ಕಿಕೊಂಡಿದ್ದರೆ ಕಲ್ಲು ಇಳಿದಿದೆ. ಹಾಕಿದ್ದು ಐದಿಂಚು, ಈಗ ಹತ್ತಿಂಚು ಆಳದಲ್ಲೂ ಕಲ್ಲು ಸಿಗುತ್ತಿದೆ ಅಂದ್ರೆ ಅನುಮಾನವೇ ಬೇಡ. ಚಕ್ರದ ಗುಂಡಿಯಲ್ಲಿ ಹೀಗಿದ್ದು ನಡುವಿನ ಗುಂಡಿಯಲ್ಲಿ ಗೆರೆ ಚೆನ್ನಾಗಿದ್ದರೆ, ಭಾರವೇ ಕಲ್ಲನ್ನು ಕೆಳಗೆ ತಳ್ಳಿದೆ. ಗಟ್ಟಿ ಮುರುಮ್, ಅಂದ್ರೆ ನಮ್ಮ ಕಡೆಯ ಗರಸು, ಅದರ ಮೇಲೆ ಬರೀ ಒಂದಿಂಚು ಜಲ್ಲಿ ಉಳಿದಿದ್ದರೆ ಉಳಿದದ್ದು ನೀರಿನ ಜೊತೆಗೋ ಪಕ್ಕಕ್ಕೋ ಹೋಗಿದೆ. ಚೂಪು ಅಂಚಿನ ಕಲ್ಲು ಹಾಕಿಸಿದ್ದ ಜಾಗದಲ್ಲಿ ಈಗ ಕಂದು ರಾಡಿ ಸಿಕ್ಕರೆ ಕಲ್ಲೇ ಕಳಪೆ.

ಕೆಳಗಿನ ಮಣ್ಣು ಎಂಥದ್ದು ಅಂತ ಅಲ್ಲೇ ತಿಳಿಯಬಹುದು. ಒಂದು ಹಿಡಿ ತಗೊಂಡು ಒದ್ದೆ ಮಾಡಿ ನಾದಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪಟ್ಟಿಯಾಗಿ ಒತ್ತುತ್ತಾ ಹೋಗಿ. ಮುರಿಯದೆ ಎರಡಿಂಚು ಉದ್ದ ಬಂದರೆ ಅದು ಪಕ್ಕಾ ಜಿಗುಟು ಮಣ್ಣು. ಉಗುರಿಗೆ ಅಂಟಿ ಸೋಪು ಹಾಕಿದರೂ ಬಿಡದಿದ್ದರೆ ಎರೆ. ಲೆಕ್ಕ ಬೇಕೆನ್ನುವವರಿಗೆ ಮಣ್ಣಿನ ಪರೀಕ್ಷೆಯ ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿ ಒಂದು ಸರಳ ಪರೀಕ್ಷೆ ಇದೆ. ಒಣಗಿಸಿ ಜರಡಿ ಹಿಡಿದ ಮಣ್ಣು ತಲಾ 10 ಗ್ರಾಂ, ಒಂದು ಅಳತೆ ಜಾಡಿಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಊದುವುದಿಲ್ಲ, ನೀರಿನಲ್ಲಿ ಊದುತ್ತದೆ. ಎರಡರ ವ್ಯತ್ಯಾಸ ನೂರಕ್ಕೆ 50 ದಾಟಿದರೆ ಆ ಮಣ್ಣನ್ನು ರಸ್ತೆ ಏರಿಸಲು ಬಳಸಬಾರದು. ಈಗ ಸೀಮೆಎಣ್ಣೆ ಹುಡುಕುವುದೇ ಒಂದು ಕೆಲಸ, ಮಣ್ಣಿನ ಲ್ಯಾಬಿಗೆ ಕೊಡುವುದು ಸುಲಭ.

ಕಲ್ಲು ಕೆಳಗಿಳಿದಿದ್ದರೆ

ಪುಣೆ ಸುತ್ತ ಇದೇ ಜಾಸ್ತಿ. ಚಕ್ರ ಒತ್ತಿದಾಗ ಕಲ್ಲು ಕೆಳಕ್ಕೆ, ಕೆಸರು ಮೇಲಕ್ಕೆ. ಮಳೆ ನಿಂತ ಎರಡು ದಿನದ ಮೇಲೆ ಯಾರಿಗಾದರೂ ಕಾರನ್ನು ನಡೆದಷ್ಟೇ ನಿಧಾನ ಓಡಿಸಲು ಹೇಳಿ, ನೀವು ಪಕ್ಕದಲ್ಲಿ ಕೂತು ಚಕ್ರದ ಬುಡ ನೋಡಿ. ಚಕ್ರದ ಮುಂದೆ ನೆಲ ಸಣ್ಣಗೆ ಉಬ್ಬಿ, ಚಕ್ರ ದಾಟಿದ ಮೇಲೆ ಮತ್ತೆ ಕೂತರೆ, ಜಲ್ಲಿಯ ಸಂದಿಯಿಂದ ಬೂದು ನೀರು ಜಿನುಗಿದರೆ, ಬುಡ ಮೆತ್ತಗಿದೆ.

ಹೆಚ್ಚಿನವರು ಇಲ್ಲಿ ಜೆಸಿಬಿ ತರಿಸಿ ಎರಡಡಿ ಎರೆ ತೆಗೆಸಿ, ಆ ಕಾಲುವೆಗೆ ದಪ್ಪ ಕಲ್ಲು ತುಂಬಿಸುತ್ತಾರೆ. ನೋಡಲು ಗಟ್ಟಿ ಕೆಲಸ. ಆದರೆ ಎರೆಯಲ್ಲಿ ತೋಡಿದ ಕಾಲುವೆಯಿಂದ ನೀರು ಎಲ್ಲಿಗೂ ಹೋಗುವುದಿಲ್ಲ. ಕಲ್ಲಿನ ಸಂದಿಯಲ್ಲಿ ಮಳೆಗಾಲವಿಡೀ ನೀರು ನಿಂತು ಕೆಳಗಿನ ಎರೆ ಇನ್ನಷ್ಟು ಕೊಳೆಯುತ್ತದೆ. ಮರುವರ್ಷ ದಾರಿ ಮೊದಲಿಗಿಂತ ಕೆಟ್ಟದಾಗಿ ಕೂರುತ್ತದೆ. ದುಡ್ಡು ಕೊಟ್ಟು ನೀರಿಗೆ ಜಾಗ ಮಾಡಿಕೊಟ್ಟ ಹಾಗೆ, ಅಲ್ವಾ?

ನನ್ನ ಮಾತು ಕೇಳುವುದಾದರೆ, ದಾರಿಯನ್ನು ತೋಡಬೇಡಿ, ಏರಿಸಿ. ಹುಲ್ಲು ಬೇರಿರುವ ಮೇಲಿನ ಅರ್ಧ ಅಡಿ ಕೆರೆದು ತೆಗೆದರೆ ಸಾಕು. ಆಮೇಲೆ ಒಂದಡಿ ಒಳ್ಳೆ ಮುರುಮ್. ಒಂದೇ ಸಲ ಸುರಿಯದೆ ಆರಾರು ಇಂಚಿನ ಎರಡು ಪದರವಾಗಿ ಹಾಕಿ, ಹದವಾಗಿ ನೀರು ಕುಡಿಸಿ, ರೋಲರ್ ಹೊಡೆಸಿ. ಪದರ ದಪ್ಪವಾದರೆ ರೋಲರಿನ ಪೆಟ್ಟು ಕೆಳಗೆ ಮುಟ್ಟುವುದಿಲ್ಲ. ಮುರುಮ್ ಬುಡದ ಎರೆಗೆ ನೀರು ಇಳಿಯದಂತೆ ತಡೆಯುತ್ತದೆ, ತನ್ನ ಭಾರದಿಂದ ಅದರ ಊತವನ್ನೂ ಸ್ವಲ್ಪ ಅದುಮಿ ಹಿಡಿಯುತ್ತದೆ. ಎರೆಯ ಮೇಲೆ ಊದದ ಮಣ್ಣಿನ ಪದರ ಹಾಕುವ ವಿಚಾರವನ್ನು ಶಾಸ್ತ್ರೀಯವಾಗಿ ಬೆಳೆಸಿದವರು ಮುಂಬೈ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿ. ನೀರಾವರಿ ಕಾಲುವೆಯಂಥ ದೊಡ್ಡ ಕೆಲಸಕ್ಕೆ ಆ ಪದರ ಇನ್ನೂ ದಪ್ಪ ಬೇಕು. ಕಾರು ಓಡಾಡುವ ದಾರಿಗೆ ಅಷ್ಟೆಲ್ಲ ಬೇಕಾಗಿಲ್ಲ.

ಮುರುಮ್ ಹಾಕುವ ಮುಂಚೆ ಎರೆಯ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಇನ್ನೂ ಒಳ್ಳೆಯದು. ಅದು ನೀರು ಬಿಡುತ್ತದೆ, ಮಣ್ಣು ಬಿಡುವುದಿಲ್ಲ. ಒಂದು ಹಾಸಿನ ಮೇಲೆ ಇನ್ನೊಂದು ಒಂದೂವರೆ ಅಡಿ ಬರಬೇಕು. ಟಿಪ್ಪರ್ ನೇರವಾಗಿ ಬಟ್ಟೆಯ ಮೇಲೆ ಓಡಬಾರದು. ಬಟ್ಟೆಗೆ ದುಡ್ಡು ಯಾಕೆ ಅಂತ ಹಳೇ ಚುನಾವಣೆಯ ಫ್ಲೆಕ್ಸ್ ಹಾಸುವವರೂ ಇದ್ದಾರೆ. ಫ್ಲೆಕ್ಸ್ ನೀರನ್ನು ತಡೆದು ನಿಲ್ಲಿಸುತ್ತದೆ, ಅದರ ಮೇಲೆ ಕಲ್ಲು ಜಾರುತ್ತದೆ. ಬಟ್ಟೆ ಹಾಕದಿದ್ದರೂ ಪರವಾಗಿಲ್ಲ, ಫ್ಲೆಕ್ಸ್ ಮಾತ್ರ ಬೇಡ.

ಎರೆಗೆ ಸುಣ್ಣ ಬೆರೆಸುವ ಪದ್ಧತಿಯೂ ಇದೆ. ಮಣ್ಣಿನ ತೂಕದ ನೂರಕ್ಕೆ 3ರಿಂದ 6ರಷ್ಟು ಸುಣ್ಣ ಸೇರಿಸಿದರೆ ಊತ ಕಡಿಮೆಯಾಗುತ್ತದೆ. ಕೆಲಸ ಮಾಡುತ್ತದೆ, ಸಂಶಯವಿಲ್ಲ. ಆದರೆ ಸುಣ್ಣ ಸಮನಾಗಿ ಬೆರೆಯಬೇಕು, ನೀರು ಹದವಾಗಿರಬೇಕು, ಕೆಲಸದವರ ಕಣ್ಣು ಕೈಗೆ ಜೋಪಾನ ಬೇಕು. ನೂರೈವತ್ತು ಅಡಿ ದಾರಿಗೆ ಆ ಉಸಾಬರಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಟ್ಯಾಂಕರ್ ಲೆಕ್ಕ

ಭಾರದ ಮಾತು ಬಂದಾಗ ಎಲ್ಲರೂ ಕಾರನ್ನು ನೋಡುತ್ತಾರೆ. ದಾರಿ ಮುರಿಯುವುದು ನೀರಿನ ಟ್ಯಾಂಕರ್. 10,000 ಲೀಟರ್ ಅಂದ್ರೆ ನೀರೇ 10 ಟನ್. ಅದರ ಮೇಲೆ ಲಾರಿಯ ತೂಕ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಸುತ್ತುಹೊಡೆಸಿ ಮಾಡಿದ ದೊಡ್ಡ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕ ಹೀಗಿದೆ: ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟು. ಅದು ಡಾಂಬರು, ಕಾಂಕ್ರೀಟ್ ರಸ್ತೆಯ ಲೆಕ್ಕ. ಜಲ್ಲಿ ದಾರಿಯ ಅಂಕಿ ಬೇರೆಯಾದರೂ ದಿಕ್ಕು ಅದೇ. ಹಾಗಾಗಿ ನೀರಿನ ಟಾಕಿಯನ್ನು ಗೇಟಿನ ಹತ್ತಿರವೇ ಕಟ್ಟಿಸಿ ಅಲ್ಲಿಂದ ಮನೆಗೆ ಪೈಪ್ ಎಳೆದರೆ, ದಾರಿಗೆ ಮಾಡುವ ಖರ್ಚಿನಲ್ಲಿ ಎಷ್ಟೋ ಉಳಿಯುತ್ತದೆ. ಇಷ್ಟು ಸುಲಭದ ಉಪಾಯ ಯಾರಿಗೂ ರುಚಿಸುವುದಿಲ್ಲ, ಅದು ಬೇರೆ ಮಾತು.

ನೀರು ಕೊಚ್ಚಿಕೊಂಡು ಹೋಗಿದ್ದರೆ

ಇದರ ಗುರುತು ಸುಲಭ. ಗೇಟಿನ ಬುಡದಲ್ಲಿ ಸಣ್ಣ ಜಲ್ಲಿಯ ಗುಡ್ಡೆ, ದಾರಿಯ ಮೇಲೆ ಉದ್ದುದ್ದ ಸೀಳು, ಮೇಲುಗಡೆ ದಪ್ಪ ಕಲ್ಲು ಮಾತ್ರ ತಲೆ ಎತ್ತಿ ನಿಂತಿರುತ್ತದೆ. ಒಣ ದಿನದಲ್ಲಿ ಬಂದು ನೋಡಿದರೆ ಅರ್ಧ ಮಾತ್ರ ತಿಳಿಯುತ್ತದೆ. ಜೋರು ಮಳೆಯಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ದಾರಿಯ ಮೇಲೆ ನಿಂತರೆ ಪೂರ್ತಿ ತಿಳಿಯುತ್ತದೆ. ಪುಣೆ ನಗರದ ಮಳೆ ನೋಡಿ ಲೆಕ್ಕ ಹಾಕಬೇಡಿ. ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಘಟ್ಟದ ಅಂಚಿನ ಲೋನಾವಳದಲ್ಲಿ 4,000 ದಾಟುತ್ತದೆ. ಶಿವಾಜಿನಗರದಲ್ಲಿ ಕೂತು ಹಾಕಿದ ಪ್ಲಾನ್ ತಾಮ್ಹಿಣಿ ಕಡೆ ನಡೆಯುವುದಿಲ್ಲ.

ಇಲ್ಲಿ ವಿಜಯಪುರ, ಕಲಬುರಗಿ ಕಡೆಯ ಮೇಸ್ತ್ರಿಗಳ ಮಾತು ಕೇಳಬೇಕು. ಪ್ಲಾಟಿನ ಯಜಮಾನರು ಬಂದ ಕೂಡಲೇ "ಎಷ್ಟು ಬ್ರಾಸ್ ಬೇಕು ಕಾಕಾ?" ಅನ್ನುತ್ತಾರೆ. ಕಾಕಾ ದಾರಿಯ ಮೇಲಿನ ತುದಿಗೆ ಹೋಗಿ ಬೇಲಿಯಾಚೆ ನೋಡುತ್ತಾರೆ.

"ಈಗ ಒಂದೂ ಬ್ಯಾಡ್ರಿ ಸರ. ನೀರು ಎಲ್ಲಿಂದ ಬರ್ತದ, ಎಲ್ಲಿಗೆ ಹೋಗ್ತದ, ಅದನ್ನ ನೋಡೂಣು ಮೊದ್ಲ. ಖಡಿ ಆಮ್ಯಾಲೆ."

ಬೇಲಿಯಾಚೆ ಸಾಮಾನ್ಯವಾಗಿ ಭತ್ತದ ಗದ್ದೆ ಇರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ಗದ್ದೆಯ ನೀರು ತಲೆತಲಾಂತರದಿಂದ ಹರಿದ ಜಾಗದಲ್ಲೇ ನಿಮ್ಮ ದಾರಿ ಬಂದು ಕೂತಿದೆ. ಸಾತ್‌ಬಾರಾದಲ್ಲಿ, ಅಂದ್ರೆ ಇಲ್ಲಿನ ಪಹಣಿಯಲ್ಲಿ, ನಿಮ್ಮ ಹೆಸರಿರಬಹುದು, ನೀರು ಅದನ್ನು ಓದಿಲ್ಲ. ಒಡ್ಡು ಹಾಕಿ ತಡೆದರೆ ಮೇಲಿನ ರೈತನ ಗದ್ದೆ ಮುಳುಗುತ್ತದೆ, ಜಗಳ ಹುಟ್ಟುತ್ತದೆ. ತಡೆಯುವುದಲ್ಲ, ದಾಟಿಸಬೇಕು. ದಾರಿಯ ಮೇಲುಬದಿಗೆ ಗಟಾರ ತೋಡಿ, ನೀರನ್ನು ಒಂದೇ ಕಡೆ ಕೂಡಿಸಿ, ಅಲ್ಲಿ ಹ್ಯೂಮ್ ಪೈಪ್, ಅಂದ್ರೆ ಕಾಂಕ್ರೀಟ್ ಕೊಳವೆ, ಇಡಿ. ಪೈಪ್ 300 ಮಿಲಿಮೀಟರಿಗಿಂತ ಸಣ್ಣದು ಬೇಡ. ಆರಿಂಚಿನ ಪೈಪಿಗೆ ಒಂದೇ ಮಳೆಯಲ್ಲಿ ಹುಲ್ಲು, ಎಲೆ ಸಿಕ್ಕಿಕೊಳ್ಳುತ್ತದೆ. ಪೈಪಿನ ಮೇಲೆ ಕನಿಷ್ಠ ಒಂದಡಿ ಗಟ್ಟಿ ಮಣ್ಣು, ಕೊನೆಯಲ್ಲಿ ನೀರು ಬೀಳುವ ಕಡೆ ದಪ್ಪ ಕಲ್ಲು.

ಇನ್ನು ದಾರಿಯ ಮೇಲೆಯೇ ಬೀಳುವ ಮಳೆ. ಅದು ಉದ್ದಕ್ಕೆ ಹರಿಯದೆ ಅಡ್ಡಕ್ಕೆ ಜಾರಬೇಕು. ಅದಕ್ಕೆ ನಡುಬೆನ್ನು ಎತ್ತರವಿರಬೇಕು, ನೂರಕ್ಕೆ 4ರ ಇಳಿಜಾರು. ಹತ್ತಡಿ ಅಗಲದ ದಾರಿಗೆ ನಡುವೆ ಅಂಚಿಗಿಂತ ಸುಮಾರು ಎರಡೂವರೆ ಇಂಚು ಎತ್ತರ. ಅಂಚಿನಿಂದ ಅಂಚಿಗೆ ಬಿಗಿಯಾಗಿ ದಾರ ಹಿಡಿದರೆ ಸಾಕು, ಬೆನ್ನು ಇದೆಯಾ ಇಲ್ಲವಾ ಕಾಣುತ್ತದೆ. ಡಾಂಬರು ರಸ್ತೆಯ ಕೆಲಸ ಮಾಡಿದವರು ಎರಡೇ ಪರ್ಸೆಂಟ್ ಸಾಕು ಅಂತಾರೆ. ಜಲ್ಲಿಗೆ ಸಾಲದು, ಜಲ್ಲಿಯ ಮೈ ಒರಟು, ನೀರು ಅಲ್ಲಲ್ಲಿ ನಿಲ್ಲುತ್ತದೆ.

ಬೆನ್ನು ಸರಿಯಿದ್ದೂ ದಾರಿ ಕೊಚ್ಚುತ್ತಿದ್ದರೆ ಅಂಚು ನೋಡಿ. ಚಕ್ರ ತಳ್ಳಿದ ಜಲ್ಲಿ ಅಂಚಿನಲ್ಲಿ ಕೂಡಿ, ಅದರ ಮೇಲೆ ಹುಲ್ಲು ಬೆಳೆದು ಒಂದು ಸಣ್ಣ ಒಡ್ಡೇ ಆಗಿರುತ್ತದೆ. ನೀರು ಪಕ್ಕಕ್ಕೆ ಹೋಗಲಾರದೆ ದಾರಿಯಲ್ಲೇ ಉದ್ದಕ್ಕೆ ಓಡುತ್ತದೆ. ಒಡ್ಡು ಕತ್ತರಿಸಿ ಆ ಜಲ್ಲಿಯನ್ನು ಜರಡಿ ಹಿಡಿದು ನಡುವಿಗೆ ಎಳೆಯಿರಿ. ಹೊಸ ಲೋಡಿನ ಕಾಲು ಭಾಗ ಅಲ್ಲೇ ಸಿಗಬಹುದು. ಚಳಿ ದೇಶದವರಿಗೂ ಇದು ಇದೆ. ಅವರು ಹಿಮ ತಳ್ಳುವಾಗ ಜಲ್ಲಿಯೂ ಹುಲ್ಲಿಗೆ ಹೋಗುತ್ತದೆ, ವಸಂತದಲ್ಲಿ ಕುಂಟೆ ಹಿಡಿದು ವಾಪಸ್ ಎಳೆಯುತ್ತಾರೆ.

ಅಲೆ ಅಲೆಯಾದರೆ, ಗುಂಡಿ ಬಿದ್ದರೆ

ಅಡ್ಡಡ್ಡ ಅಲೆಗಳು ಬೀಳುವುದು ಗಾಡಿ ಜೋರಾಗಿ ಓಡಿದಾಗ, ಅದೂ ಗೇಟಿನ ಹತ್ತಿರ ಬ್ರೇಕ್ ಹಾಕುವ ಜಾಗದಲ್ಲಿ. ಜಲ್ಲಿಯಲ್ಲಿ ಹಿಡಿದಿಡುವ ನುಣ್ಣನೆ ಭಾಗ ಇಲ್ಲ ಅನ್ನುವುದಕ್ಕೂ ಇದು ಗುರುತು. ತಗ್ಗಿಗೆ ಜಲ್ಲಿ ತುಂಬಿದರೆ ಅಲೆ ಮತ್ತೆ ಅಲ್ಲೇ ಏಳುತ್ತದೆ. ಅಲೆಯ ತಗ್ಗಿಗಿಂತ ಒಂದಿಂಚು ಕೆಳಗಿನವರೆಗೂ ಪೂರ್ತಿ ಕೆದಕಿ, ನೀರು ಹಾಕಿ, ಹೊಸದಾಗಿ ಕೂರಿಸಬೇಕು. ಗುಂಡಿಗೂ ಹಾಗೇ: ಅಂಚನ್ನು ನೇರವಾಗಿ ಕತ್ತರಿಸಿ, ನಿಂತ ನೀರು ತೆಗೆದು, ಅದೇ ಮಾಲು ತುಂಬಿ ದಮ್ಮಸ್ಸು ಹೊಡೆಯಿರಿ. ಗುಂಡಿಗೆ ದಪ್ಪ ಕಲ್ಲು ಎಸೆದರೆ ಅದರ ಸುತ್ತ ಇನ್ನೊಂದು ಗುಂಡಿ ಆಗುತ್ತದೆ.

ಮಾಲೇ ಕೆಟ್ಟದ್ದಾಗಿದ್ದರೆ

ಮುರುಮ್ ಎಲ್ಲಾ ಒಂದೇ ಅಲ್ಲ. ಎರಡು ಹೆಂಟೆ ತಗೊಂಡು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಹೆಂಟೆ ಹಾಗೇ ಇದ್ದರೆ ಒಳ್ಳೆಯದು, ಕುಸಿದು ರಾಡಿಯಾಗಿದ್ದರೆ ಲಾರಿ ವಾಪಸ್ ಕಳಿಸಿ. ಜಲ್ಲಿಯನ್ನು ಸುತ್ತಿಗೆಯಿಂದ ಹೊಡೆದು ನೋಡಿ. ಗಟ್ಟಿ ಕರಿಕಲ್ಲು ಠಣ್ ಅನ್ನುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದು ಮಂಕಾಗಿ ಸದ್ದು ಮಾಡಿ ಸಿಪ್ಪೆ ಬಿಡುತ್ತದೆ. ಹೊಳೆಯ ಗುಂಡುಕಲ್ಲು ನೋಡಲು ಚೆಂದ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಗಿಡದ ಬುಡಕ್ಕೆ ಹಾಕಿ, ದಾರಿಗೆ ಬೇಡ. ಗೋವಾ ಕಡೆ ಜಾಗ ಇರುವವರಿಗೆ ಕೆಂಪುಕಲ್ಲಿನ ಚೂರು ಕೈಗೆಟುಕುತ್ತದೆ. ಬುಡಕ್ಕೆ ಅದು ನಡೆಯುತ್ತದೆ. ಮೇಲ್ಪದರಕ್ಕೆ ಹಾಕಿದರೆ ಚಕ್ರದಡಿ ಪುಡಿಯಾಗಿ ಮಳೆಗಾಲದಲ್ಲಿ ಕಾಲಿಗೆಲ್ಲ ಕೆಂಪು ಕೆಸರು.

ಕ್ರಷರಿನಲ್ಲಿ ಕೇಳುವಾಗ ಬರೀ 20 ಎಂಎಂ ಖಡಿ ಅಂತ ಕೇಳಬೇಡಿ. ಒಂದೇ ಅಳತೆಯ ಕಲ್ಲು ಎಂದಿಗೂ ಕೂರುವುದಿಲ್ಲ, ಕಾಲಿಟ್ಟಲ್ಲಿ ಜಾರುತ್ತದೆ. ದಪ್ಪದಿಂದ ಪುಡಿವರೆಗೆ ಎಲ್ಲ ಅಳತೆಯೂ ಇರುವ ಮಾಲು ಬೇಕು. ಬುಡಕ್ಕೆ ಜಿಎಸ್‌ಬಿ (ಗ್ರ್ಯಾನ್ಯುಲರ್ ಸಬ್-ಬೇಸ್, ರಸ್ತೆಯ ಬುಡಕ್ಕೆ ಹಾಕುವ ಮಿಶ್ರ ಜಲ್ಲಿ) ಅಂತ ಕೇಳಿ. ಮೇಲ್ಪದರಕ್ಕೆ 20 ಎಂಎಂ ಒಳಗಿನ ಮಿಶ್ರಣ, ಅದರಲ್ಲಿ ಮಣ್ಣಿನಷ್ಟು ನುಣ್ಣನೆಯ ಭಾಗ ನೂರಕ್ಕೆ ಎಂಟು ಹತ್ತು ಇರಲಿ. ಘಟ್ಟದ ಮಳೆಗೆ ಅದಕ್ಕಿಂತ ಜಾಸ್ತಿ ಆದರೆ ಕೆಸರು. ಒದ್ದೆ ಮಾಡಿ ಹಿಡಿದು ಹಿಂಡಿದರೆ ಉಂಡೆ ನಿಲ್ಲಬೇಕು, ಅಂಗೈಗೆ ತೆಳ್ಳಗೆ ಬಣ್ಣ ಅಂಟಬೇಕು.

ಲೆಕ್ಕ ಹೀಗೆ. ಹತ್ತಡಿ ಅಗಲ, 150 ಅಡಿ ಉದ್ದ, ಕೂತ ಮೇಲೆ ನಾಲ್ಕಿಂಚು ದಪ್ಪ ಬೇಕಾದರೆ 500 ಘನ ಅಡಿ, ಅಂದ್ರೆ 5 ಬ್ರಾಸ್. ರೋಲರ್ ಹೊಡೆದಾಗ ಮಾಲು ಇಳಿಯುವುದರಿಂದ ಕಾಲು ಭಾಗ ಸೇರಿಸಿ, ಆರೂಕಾಲು. ಲಾರಿ ಖಾಲಿ ಮಾಡುವ ಮುಂಚೆ ಟ್ರಾಲಿಯ ಉದ್ದ, ಅಗಲ, ಎತ್ತರ ಟೇಪ್ ಹಿಡಿದು ನೋಡಿ. ಡ್ರೈವರಣ್ಣ ಮುಖ ಸಿಂಡರಿಸಿದರೂ ಸರಿ.

ಕೆಲಸಕ್ಕೆ ಒಳ್ಳೆ ಹೊತ್ತು ದಸರಾ ದೀಪಾವಳಿ ಆಸುಪಾಸು. ನೆಲದಲ್ಲಿ ಇನ್ನೂ ಹದ ಇರುತ್ತದೆ, ಮಳೆಯ ಗುರುತುಗಳು ಅಳಿಸಿರುವುದಿಲ್ಲ. ಮೇ ತಿಂಗಳಲ್ಲಿ ಮಾಡಿಸಿದರೆ ನೀರು ಟ್ಯಾಂಕರಿನಲ್ಲೇ ತರಿಸಬೇಕು. ಜುಲೈಯಲ್ಲಿ ಅಂತೂ ಗಟಾರ ಬಿಡಿಸುವುದು ಬಿಟ್ಟು ಬೇರೇನೂ ಮಾಡಬೇಡಿ, ಒದ್ದೆ ಎರೆಯ ಮೇಲೆ ರೋಲರ್ ಹತ್ತಿಸಿದರೆ ಇದ್ದದ್ದೂ ಹೋಗುತ್ತದೆ.

ಕೊನೆಗೆ, ದಾರಿ ಎಂಟಡಿಗೆ ಒಂದಡಿಗಿಂತ ಕಡಿದಾಗಿ ಏರುತ್ತಿದ್ದರೆ ಅಲ್ಲಿ ಜಲ್ಲಿ ನಿಲ್ಲಿಸುವ ಹಟ ಬಿಡಿ. ಅಷ್ಟು ಜಾಗಕ್ಕೆ ಮಾತ್ರ ಚಕ್ರ ಓಡುವ ಎರಡು ಕಾಂಕ್ರೀಟ್ ಪಟ್ಟಿ ಹಾಕಿಸಿ. ಪಟ್ಟಿಗೆ ಅಡ್ಡ ಗೆರೆ ಎಳೆಸಿ, ಇಲ್ಲದಿದ್ದರೆ ಪಾಚಿ ಕಟ್ಟಿ ಚಕ್ರ ಜಾರುತ್ತದೆ. ನಡುವೆ ಹುಲ್ಲು ಬೆಳೆಯಲಿ, ಮೇಲುಗಡೆ ಒಂದು ಅಡ್ಡ ಗಟಾರ ಇರಲಿ.